ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಗೆದ್ದ ಮೊದಲ ಅಮೆರಿಕದ ತಂಡ ಯಾವುದು?

ನ್ಯೂಯಾರ್ಕ್ ಅಥವಾ ಬೋಸ್ಟನ್ ಇರಬೇಕು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಅಲ್ಲ. 1917ರಲ್ಲಿ ಗೆದ್ದದ್ದು ಸಿಯಾಟಲ್ ಮೆಟ್ರೋಪಾಲಿಟನ್ಸ್. ಈಗ ಈ ಕಪ್‌ಗಾಗಿ ಆಡುವ ಲೀಗ್ ಎನ್‌ಎಚ್‌ಎಲ್ ಆಗ ಇನ್ನೂ ಹುಟ್ಟೇ ಇರಲಿಲ್ಲ.

ಸಿಯಾಟಲ್ ಆಡುತ್ತಿದ್ದ ಪಶ್ಚಿಮ ಕರಾವಳಿಯ ಲೀಗನ್ನು ಪ್ಯಾಟ್ರಿಕ್ ಸಹೋದರರು ನಡೆಸುತ್ತಿದ್ದರು. 1915ರಲ್ಲಿ ಅವರು ಟೊರಾಂಟೊ ತಂಡದ ಆಟಗಾರರನ್ನೇ ಸೆಳೆದು ಸಿಯಾಟಲ್‌ಗೆ ತಂದರು. ಗೋಲ್‌ಕೀಪರ್ ಹ್ಯಾಪ್ ಹೋಮ್ಸ್, ಫ್ರಾಂಕ್ ಫಾಯ್ಸ್ಟನ್, ಜಾಕ್ ವಾಕರ್ ಎಲ್ಲರೂ ಹಾಗೆ ಬಂದವರೇ. ಹೆಸರಿಗೆ ಅಮೆರಿಕದ ತಂಡ, ಆಡಿದವರು ಹೆಚ್ಚಾಗಿ ಕೆನಡಾದವರು. ತಮಾಷೆ ಅಲ್ವಾ?

ಫೈನಲ್‌ನಲ್ಲಿ ಎದುರಾಳಿ ಮಾಂಟ್ರಿಯಲ್ ಕೆನೇಡಿಯನ್ಸ್. ಐದು ಪಂದ್ಯಗಳ ಸರಣಿ, ಎಲ್ಲವೂ ಸಿಯಾಟಲ್‌ನಲ್ಲೇ. ಪಶ್ಚಿಮದವರು ಏಳು ಜನರ ತಂಡ ಕಟ್ಟಿ ಆಡುತ್ತಿದ್ದರು, ಮಾಂಟ್ರಿಯಲ್ ಇದ್ದ ಪೂರ್ವದ ಲೀಗಿನವರು ಆರು ಜನ. ಹಾಗಾಗಿ ಒಂದು ಪಂದ್ಯ ಇವರ ನಿಯಮ, ಮುಂದಿನದು ಅವರ ನಿಯಮ! ಮೊದಲ ಪಂದ್ಯದಲ್ಲಿ ತಮ್ಮದೇ ನಿಯಮವಿದ್ದರೂ ಸಿಯಾಟಲ್ 4-8ರಿಂದ ಸೋತಿತು. ಆಮೇಲೆ ನಡೆದದ್ದೇ ಬೇರೆ: 6-1, 4-1, 9-1. ಐದನೇ ಪಂದ್ಯದ ಅಗತ್ಯವೇ ಬೀಳಲಿಲ್ಲ. ಬರ್ನಿ ಮಾರಿಸ್ ಒಬ್ಬನೇ 14 ಗೋಲು ಹೊಡೆದ, ಅದರಲ್ಲಿ ಆರು ಕೊನೆಯ ಪಂದ್ಯದಲ್ಲೇ. ನಾಲ್ಕು ಪಂದ್ಯಗಳಲ್ಲಿ ಮಾಂಟ್ರಿಯಲ್ ಇಡೀ ತಂಡ ಹೊಡೆದದ್ದು 11 ಮಾತ್ರ.