ದನ ಮೇಯೋ ಗೋಮಾಳದಿಂದ ಬರೋ ಹಸಿರುಮನೆ ಅನಿಲ ಬೇಸಿಗೆ, ಮಳೆಗಾಲಕ್ಕೆ ತಕ್ಕಂತೆ ಬದಲಾಗತ್ತಾ?

ತುಂಬಾನೇ ಬದಲಾಗತ್ತೆ. ದನ ಮೆಲುಕು ಹಾಕ್ವಾಗ ತೇಗಲ್ಲಿ ಮೀಥೇನ್ ಬರೋದು ವರ್ಷಪೂರ್ತಿ ಇದ್ದಿದ್ದೇ, ಆದ್ರೆ ಬೇಸಿಗೇಲಿ ಬರೀ ಒಣಹುಲ್ಲು ತಿಂದಾಗ ಒಂದು ಲೀಟರ್ ಹಾಲಿಗೆ ಇಷ್ಟು ಅಂತ ಲೆಕ್ಕ ಹಾಕಿದ್ರೆ ಅದು ಹೆಚ್ಚು, ಎಳೇ ಹಸಿರು ಮೇವಿದ್ರೆ ಕಮ್ಮಿ.

ಮಣ್ಣಿನ ಕಥೆ ಇನ್ನೂ ದೊಡ್ಡದು. ನಮ್ಮ ಮಂಡ್ಯ ಕಡೆ ಮಾರ್ಚ್‌ನಲ್ಲಿ ಗೋಮಾಳ ಒಣಗಿ ಸೂಕ್ಷ್ಮಜೀವಿಗಳು ಸುಮ್ನಿರ್ತವೆ, ಗಾಳಿ ಆಡೋ ಮಣ್ಣು ವಾತಾವರಣದ ಮೀಥೇನನ್ನ ಸ್ವಲ್ಪ ಹೀರ್ಕೊಳ್ಳತ್ತೆ ಕೂಡ. ಮೊದಲನೇ ಜೋರು ಮಳೆ ಬಿತ್ತು ಅನ್ಕೊಳ್ಳಿ, ಆ ಸೂಕ್ಷ್ಮಜೀವಿಗಳೆಲ್ಲ ಒಟ್ಟಿಗೆ ಎದ್ದು ಕೆಲವೇ ದಿನದಲ್ಲಿ ಕಾರ್ಬನ್ ಡೈಆಕ್ಸೈಡ್, ನೈಟ್ರಸ್ ಆಕ್ಸೈಡ್ ಎರಡೂ ಭುಗ್ ಅಂತ ಏರತ್ತೆ. ಗಂಜಲ ಬಿದ್ದು ಹುಲ್ಲು ಕಡುಹಸಿರಾಗಿ ಗುಂಪುಗುಂಪಾಗಿ ಬೆಳ್ದಿರೋ ಜಾಗ ನೋಡಿರ್ತೀರಲ್ಲ, ಸಾರಜನಕ ಅಲ್ಲೇ ಸೇರಿರೋದ್ರಿಂದ ನೈಟ್ರಸ್ ಆಕ್ಸೈಡ್ ಅಲ್ಲೇ ಜಾಸ್ತಿ. 100 ವರ್ಷದ ಲೆಕ್ಕದಲ್ಲಿ ಇದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಮಾಡತ್ತೆ, ದಯವಿಟ್ಟು ಹಗುರವಾಗಿ ತಗೋಬೇಡಿ. ನಾಲೆ ಪಕ್ಕದ ಜವುಗಲ್ಲಿ ನೀರು ನಿಂತ್ರೆ ಮಣ್ಣೇ ಮೀಥೇನ್ ಬಿಡತ್ತೆ.

ಅದಕ್ಕೇ ಮಳೆ ನಿಂತ ತಕ್ಷಣ ಕೆಸರಿಗೆ ದನ ಬಿಡ್ಬೇಡಿ, ಗೊರಸಿನ ತುಳಿತಕ್ಕೆ ಮಣ್ಣು ಗಟ್ಟಿಯಾಗಿ ನೀರು ಇಂಗಲ್ಲ. ಜಾಗ ಬದಲಾಯಿಸ್ತಾ ಮೇಯಿಸಿ, ಹುಲ್ಲು ಬುಡದವರೆಗೂ ಬೋಳಾಗೋಕೆ ಬಿಡ್ಬೇಡಿ.