ನಾಲ್ಕು ಮಾಡ್ಯೂಲಿಗೆ ನಾಲ್ಕು ಬಗೆಯ ಎಸ್ಸೆ: ಸೊರಬದ ತಂಗಿಗೆ ಉತ್ತರ

"ಅಕ್ಕಾ, ಪಬ್ಲಿಕ್ ಹೆಲ್ತ್ ಎಂಎಸ್ಸಿಗೆ ಸೇರಿ ಇನ್ನೂ ಎರಡು ತಿಂಗಳಾಗಿಲ್ಲ. ಎಪಿಡೆಮಿಯಾಲಜಿ, ಹೆಲ್ತ್ ಎಕನಾಮಿಕ್ಸ್, ಹೆಲ್ತ್ ಪಾಲಿಸಿ, ಸೋಷಿಯಾಲಜಿ, ನಾಲ್ಕಕ್ಕೂ ಎಸ್ಸೆ ಬರೀಬೇಕಂತೆ. ಮೊದಲನೇದಕ್ಕೆ 58 ಬಂತು. ವಿವರಣೆ ಚೆನ್ನಾಗಿದೆ, ನಿಮ್ಮ ವಾದ ಎಲ್ಲಿ ಅಂತ ಪಕ್ಕದಲ್ಲಿ ಬರೆದಿದ್ದಾರೆ. ಎಲ್ಲದಕ್ಕೂ ಒಂದೇ ಥರ ಬರೆದರೆ ಆಗಲ್ವಾ? ಚಳಿ, ಅಡುಗೆ, ಪಾರ್ಟ್‌ಟೈಮ್ ಕೆಲಸದ ಬಗ್ಗೆನೂ ಹೇಳಿ" ಎಂದು ಕೇಳಿದ್ದೀಯ. ಅಕ್ಕಾ ಎಂದು ಕರೆದ ಮೇಲೆ ಬಹುವಚನ ಬೇಡ, ನೀನು ಎಂದೇ ಬರೆಯುತ್ತೇನೆ. ನೀನು ಸೊರಬದವಳು, ನಾನು ಸಾಗರದವಳು. ನೀನು ಈಗ ಕೂತಿರುವಂಥದೇ ಕ್ಲಾಸಿನಲ್ಲಿ, ಉತ್ತರ ಇಂಗ್ಲೆಂಡಿನ ಒಂದು ಊರಿನಲ್ಲಿ, 2005ರಲ್ಲಿ ನಾನೂ ಕೂತಿದ್ದೆ.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಚಳಿಗಿಂತ ಇಲ್ಲಿ ಜಿಟಿಜಿಟಿ ಮಳೆಯದೇ ಕಾಟ. ನೀರು ಇಳಿಯದ ಜಾಕೆಟ್ ತಗೋ, ಮಲೆನಾಡಿನವಳಿಗೆ ಹೆಚ್ಚು ಹೇಳಬೇಕಿಲ್ಲ. ಅಕ್ಕಿ, ಬೇಳೆ, ಕರಿಬೇವು ಏಷ್ಯನ್ ಅಂಗಡಿಯಲ್ಲಿ ಸಿಗುತ್ತವೆ. ಅಪ್ಪೆಮಿಡಿ ಮಾತ್ರ ಊರಿಂದಲೇ ಬರಬೇಕು. ಕೆಲಸದ ವಿಷಯಕ್ಕೆ, ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಎಂದು ನಿನ್ನ ವೀಸಾದಲ್ಲಿದ್ದರೆ ಅದನ್ನು ಒಂದು ಗಂಟೆಯೂ ಮೀರಬೇಡ. ಕೇರ್ ಹೋಮ್‌ನ ನೈಟ್ ಶಿಫ್ಟಿಗೆ ದುಡ್ಡು ಚೆನ್ನಾಗಿ ಬರುತ್ತದೆ ನಿಜ, ಆದರೆ ಎಸ್ಸೆ ಕೊಡಬೇಕಾದ ವಾರ ಬೇಡ ಅನ್ನು.

ಇನ್ನು 58ರ ವಿಷಯ. ಇಲ್ಲಿ ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಎಂಎಸ್ಸಿಗೆ 50 ಬಂದರೆ ಪಾಸು, 60 ಬಂದರೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. ತೊಂಬತ್ತರ ಮೇಲೆ ತೆಗೆದು ರೂಢಿಯಾದ ನಮಗೆ ಇದು ಒಗ್ಗುವುದು ಕಷ್ಟ. ನನ್ನ ಮೊದಲ ಎಸ್ಸೆಗೆ 62 ಬಂದಾಗ ಫೋನ್ ಕಾರ್ಡಿನ ನಂಬರು ಒತ್ತಿ ಅಪ್ಪನಿಗೆ ಹೇಳಿದೆ. ಹೈಸ್ಕೂಲ್ ಮೇಷ್ಟ್ರಾಗಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಷಾರಿಲ್ವೇನೇ ಮಗಾ?" ಅಂದರು. ನೀನು ಮನೆಗೆ ಇನ್ನೂ ಹೇಳಿಲ್ಲದಿದ್ದರೆ, ಅಳತೆಗೋಲನ್ನು ಮೊದಲು ವಿವರಿಸಿ ಆಮೇಲೆ ಅಂಕ ಹೇಳು. 58 ಎಂದರೆ ವಿಷಯ ನಿನಗೆ ಅರ್ಥವಾಗಿದೆ ಎಂದೇ ಲೆಕ್ಕ.

ನಾವು ಕಲಿತ ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಇರುತ್ತಿತ್ತು, ಮೇಲೆ "ಗ್ರಂಥಾಲಯಗಳ ಮಹತ್ವ" ಎಂಬಂಥ ಒಂದು ಶೀರ್ಷಿಕೆ. ಅದರ ಬಗ್ಗೆ ನನಗೆ ಗೌರವವಿದೆ. ವಿಷಯ ಬಿಟ್ಟು ಆಚೆ ಹೋಗಬಾರದು ಎಂಬ ಶಿಸ್ತು ನನಗೆ ಬಂದದ್ದು ಅಲ್ಲಿಂದಲೇ. ಆದರೆ ಇಲ್ಲಿ ಕೊಡುವುದು ಶೀರ್ಷಿಕೆಯನ್ನಲ್ಲ, ಪ್ರಶ್ನೆಯನ್ನು. ನಿನ್ನ ಉತ್ತರ ಏನೆಂಬುದು ಮೊದಲ ಪುಟದಲ್ಲೇ ಗೊತ್ತಾಗಬೇಕು. ಉಳಿದ ಪುಟಗಳು ಆ ಉತ್ತರಕ್ಕೆ ಆಧಾರ ಒದಗಿಸಬೇಕು, ಅದಕ್ಕೆ ಎದುರು ನಿಲ್ಲುವ ಆಧಾರವನ್ನೂ ಮುಚ್ಚಿಡದೆ ತೂಗಬೇಕು. ನಾಲ್ಕು ಮಾಡ್ಯೂಲುಗಳಿಗೂ ಇಷ್ಟು ಸಮಾನ. ಯಾವುದನ್ನು ಆಧಾರ ಎಂದು ಒಪ್ಪುತ್ತಾರೆ ಅನ್ನುವುದು ಮಾತ್ರ ಮಾಡ್ಯೂಲಿನಿಂದ ಮಾಡ್ಯೂಲಿಗೆ ಬೇರೆ. ಒಂದೇ ಥರ ಬರೆದರೆ ಆಗುವುದಿಲ್ಲ ಎನ್ನುವುದು ಇದಕ್ಕೇ.

ನಿನ್ನ ಊರಿನ ಉದಾಹರಣೆಯನ್ನೇ ತಗೋ. ಉಣುಗು, ಅಂದರೆ ಉಣ್ಣೆಹುಳ, ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಿಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಕಾಡಿನ ಹೆಸರೇ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಕಾಯಿಲೆಯ ಹೆಸರಾಗಿದೆ. ಈ ಒಂದೇ ಕಾಯಿಲೆಯ ಮೇಲೆ ನಾಲ್ಕೂ ಮಾಡ್ಯೂಲಿಗೆ ಎಸ್ಸೆ ಬರೆಯಬಹುದು, ಒಂದರಂತೆ ಇನ್ನೊಂದು ಇರುವುದಿಲ್ಲ.

ಎಪಿಡೆಮಿಯಾಲಜಿಯವರು ಕೇಳುವುದು ಯಾರಿಗೆ ಬಂತು, ಯಾವಾಗ, ಎಲ್ಲಿ, ಯಾರಿಗೆ ಹೋಲಿಸಿದರೆ ಹೆಚ್ಚು ಎಂದು. ಅಂಗಳದಲ್ಲಿ ದರಗಿನ, ಅಂದರೆ ಕಾಡಿನ ಒಣ ಎಲೆಗಳ, ರಾಶಿ ಇಟ್ಟುಕೊಂಡವರಿಗೆ ಕಾಯಿಲೆ ಹೆಚ್ಚು ಬಂತೇ ಎಂದು ಒಂದು ಅಧ್ಯಯನ ಕೇಳಿದೆ ಅಂದುಕೋ. ಹೆಚ್ಚು ಬಂದಿದೆ ಎಂದು ಲೆಕ್ಕ ತೋರಿಸುತ್ತದೆ. ನಮ್ಮ ರೂಢಿಯಲ್ಲಿ ಅದನ್ನು ಬರೆದು ಮುಂದಕ್ಕೆ ಹೋಗುತ್ತೇವೆ. ಇಲ್ಲಿ ನೀನು ಅಲ್ಲೇ ನಿಲ್ಲಬೇಕು. ದರಗು ತರುವವರು ಕಾಡಿಗೆ ಹೋಗಿಯೇ ತರುತ್ತಾರಲ್ಲ, ಹಾಗಾದರೆ ಉಣುಗು ಹತ್ತಿದ್ದು ಅಂಗಳದಲ್ಲೋ ಕಾಡಿನಲ್ಲೋ? ಹೀಗೆ ಒಂದು ಕಾರಣದ ಜೊತೆ ಇನ್ನೊಂದು ಸೇರಿಕೊಂಡು ನಿಜವಾದದ್ದು ಯಾವುದೆಂದು ತಿಳಿಯದಂತಾಗುವುದನ್ನೇ ಮೇಷ್ಟ್ರು ಕನ್‌ಫೌಂಡಿಂಗ್ ಎಂದು ಬೋರ್ಡಿನ ಮೇಲೆ ಬರೆಯುವುದು. ಕ್ಲಾಸಿನಲ್ಲಿ ಬೇರೆಯವರು ಅದನ್ನು ಸೂತ್ರವಾಗಿ ಕಲಿಯುತ್ತಾರೆ. ಬೆಟ್ಟದಿಂದ ದರಗು ಹೊತ್ತು ತಂದ ಮನೆಯವಳು ನೀನು, ನಿನಗೆ ಅದು ಕಣ್ಣಿಗೆ ಕಟ್ಟಿದಂತೆ ಇರುತ್ತದೆ. ಅಧ್ಯಯನದಲ್ಲಿ ಎಷ್ಟು ಜನರಿದ್ದರು, ಅವರನ್ನು ಹೇಗೆ ಆರಿಸಿದರು, ಯಾರು ಬಿಟ್ಟುಹೋದರು, ಇವನ್ನು ಕೇಳುತ್ತಾ ಹೋದರೆ ನಿನ್ನ ವಾದ ತಾನಾಗಿ ಹುಟ್ಟುತ್ತದೆ. ಇಲ್ಲಿ ಭಾಷೆ ಒಣಗಿರಲಿ, ಅಲಂಕಾರ ಬೇಡ.

ಎಕನಾಮಿಕ್ಸ್ ನನಗೆ ಎಂದೂ ಹತ್ತಿರವಾಗಲಿಲ್ಲ, ಹಾಗಾಗಿ ಸ್ವಲ್ಪವೇ ಹೇಳುತ್ತೇನೆ. "ಜೀವಕ್ಕೆ ಬೆಲೆ ಕಟ್ಟಲಾಗದು" ಎಂದು ನಾವು ಬರೆಯುತ್ತೇವೆ. ನಾನು ಈಗಲೂ ಅದನ್ನು ನಂಬುತ್ತೇನೆ. ಆದರೆ ಆ ಮಾಡ್ಯೂಲಿನ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಗೆ ಹಾಕಿದ ದುಡ್ಡಿನಿಂದ ಎಷ್ಟು ಆರೋಗ್ಯ ಸಿಕ್ಕಿತು, ಅದೇ ದುಡ್ಡನ್ನು ಬೇರೆಡೆ ಹಾಕಿದ್ದರೆ ಎಷ್ಟು ಸಿಗುತ್ತಿತ್ತು ಎಂದು ಕೇಳುತ್ತಾರೆ. ಖರ್ಚನ್ನು ಯಾರ ಕಡೆಯಿಂದ ಎಣಿಸುತ್ತೀಯ ಎಂದು ಆರಂಭದಲ್ಲೇ ಹೇಳಿಬಿಡು. ಸರ್ಕಾರದ ಲೆಕ್ಕಕ್ಕೆ ಕೂಲಿಯವಳು ಕಳೆದುಕೊಂಡ ದಿನಗೂಲಿ ಬರುವುದೇ ಇಲ್ಲ, ಸಮಾಜದ ಲೆಕ್ಕಕ್ಕೆ ಬರುತ್ತದೆ. ಯಾವ ಊಹೆಯ ಮೇಲೆ ಲೆಕ್ಕ ನಿಂತಿದೆಯೋ ಅದನ್ನು ಸ್ವಲ್ಪ ಅಲುಗಾಡಿಸಿ, ಉತ್ತರ ಬದಲಾಗುತ್ತದೆಯೇ ಎಂದೂ ತೋರಿಸು.

ಪಾಲಿಸಿ ಎಸ್ಸೆಯ ಕೊನೆಯಲ್ಲಿ "ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು" ಎಂದು ಬರೆಯಬೇಡ. ಯಾವ ಸರ್ಕಾರ? ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿದೆ. ಕಾಡು ಅರಣ್ಯ ಇಲಾಖೆಯದು, ದನ ಪಶುಸಂಗೋಪನೆಯವರದು, ಜ್ವರ ಆರೋಗ್ಯ ಇಲಾಖೆಯದು. ಸತ್ತ ಮಂಗನನ್ನು ಕಂಡವರು ಯಾರಿಗೆ ಹೇಳಬೇಕು? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡರೆ ಇಡೀ ಎಸ್ಸೆ ಸಿಗುತ್ತದೆ. ವಾಲ್ಟ್ ಮತ್ತು ಗಿಲ್ಸನ್ 1994ರಲ್ಲಿ ಕೊಟ್ಟ ತ್ರಿಕೋನವನ್ನು ನಿಮಗೆ ಹೇಳಿಕೊಡುತ್ತಾರೆ: ನೀತಿಯಲ್ಲಿ ಏನಿದೆ, ಯಾವ ಸನ್ನಿವೇಶದಲ್ಲಿ, ಯಾವ ದಾರಿಯಲ್ಲಿ ಬಂತು, ನಡುವೆ ಪಾತ್ರಧಾರಿಗಳು ಯಾರು. ಅದನ್ನು ಬಿಡಿಸಿ ತೋರಿಸಿದರೆ ಸಾಲದು, ಅದರಿಂದ ಹೊಸದೇನು ಕಂಡಿತು ಎಂದು ಹೇಳು. ಇಂಗ್ಲೆಂಡಿನಲ್ಲಿ 2013ರಲ್ಲಿ ಪಬ್ಲಿಕ್ ಹೆಲ್ತ್‌ನ ದೊಡ್ಡ ಪಾಲು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ಸ್ಥಳೀಯ ಕೌನ್ಸಿಲ್‌ಗಳಿಗೆ ಬಂತು. ನಾನು ಕೆಲಸ ಮಾಡುವುದು ಅಂಥ ಒಂದು ಕೌನ್ಸಿಲ್‌ನಲ್ಲೇ. ಅಲ್ಲಿ ನಾನು ಬರೆಯುವ ವರದಿಗಳನ್ನು ಕೌನ್ಸಿಲರುಗಳು ಓದಿ ದುಡ್ಡು ಮಂಜೂರು ಮಾಡುತ್ತಾರೆ. ಸಾಗರದ ಸರ್ಕಾರಿ ಶಾಲೆಯಲ್ಲಿ ಓದಿದವಳು ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಸೋಷಿಯಾಲಜಿಗೆ ಜನರ ಮಾತೇ ಆಧಾರ. ಮಂಗನ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಲಸಿಕೆ ಬೇಡ ಎಂದವರನ್ನು ಎಪಿಡೆಮಿಯಾಲಜಿ ಶೇಕಡಾವಾರಿನಲ್ಲಿ ಎಣಿಸುತ್ತದೆ. ಸೋಷಿಯಾಲಜಿ ಏಕೆ ಬೇಡ ಅಂದರು ಎಂದು ಕೇಳುತ್ತದೆ. ಚುಚ್ಚಿದ ಕಡೆ ನೋವು, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು, ಅಷ್ಟು ದಿನದ ಕೂಲಿ ಹೋಗುತ್ತಿತ್ತು ಎಂದು ನಿನ್ನೂರಿನವರೇ ಹೇಳಿದ್ದನ್ನು ನೀನು ಕೇಳಿರುತ್ತೀಯ. ಆದರೆ ಕೇಳಿದ್ದು ಎಂಬ ಕಾರಣಕ್ಕೇ ಅದು ಆಧಾರವಾಗದು. ಸಂದರ್ಶನ ಮಾಡಿ ಪ್ರಕಟಿಸಿದವರ ಬರಹ ಹುಡುಕು, ನೀನು ಕಂಡದ್ದನ್ನು ಅದರ ಪಕ್ಕದಲ್ಲಿಟ್ಟು ನೋಡು. ಮುಂದಿನ ಟರ್ಮಿನಲ್ಲಿ ರಿಫ್ಲೆಕ್ಟಿವ್ ಎಸ್ಸೆ ಅಂತ ಒಂದು ಬಂದರೆ ಅಲ್ಲಿ "ನಾನು" ಎಂದು ಬರೆಯಲೇಬೇಕು, ಎಪಿಡೆಮಿಯಾಲಜಿಯಲ್ಲಿ ಹಾಗೆ ಬರೆದರೆ ಕೆಲವರು ಗೆರೆ ಎಳೆಯುತ್ತಾರೆ. ಹ್ಯಾಂಡ್‌ಬುಕ್ ನೋಡು, ಸಂಶಯವಿದ್ದರೆ ಟ್ಯೂಟರನ್ನು ಕೇಳು. ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಎಂಬ ಭಯ ಇಲ್ಲಿ ಬೇಡ.

ರೆಫರೆನ್ಸ್ ಹಾಕುವ ಕ್ರಮವೂ ಬದಲಾಗುತ್ತದೆ. ಹಾರ್ವರ್ಡ್ ಎಂದರೆ ಹೆಸರು ಮತ್ತು ವರ್ಷ, ವ್ಯಾಂಕೂವರ್ ಎಂದರೆ ಸಂಖ್ಯೆ. ಝೊಟೆರೊ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೋ, ಅದು ನೋಡಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ವಿಷಯ ಮುಂದಿದೆ, ಈ ಪತ್ರವನ್ನು ಇಷ್ಟು ಉದ್ದ ಬರೆಯುತ್ತಿರುವುದೇ ಅದಕ್ಕಾಗಿ.

ನನ್ನ ಜೊತೆ ಮನೆ ಹಂಚಿಕೊಂಡಿದ್ದವಳು ಬಳ್ಳಾರಿ ಕಡೆಯ ದಂತವೈದ್ಯೆ. ನನ್ನ ಬದುಕಿನಲ್ಲಿ ಅಂಥ ನೆನಪಿನ ಶಕ್ತಿಯನ್ನು ಇನ್ನೊಬ್ಬರಲ್ಲಿ ಕಂಡಿಲ್ಲ. ಪಠ್ಯದ ಅಧ್ಯಾಯವನ್ನು ರಾತ್ರಿ ಓದಿ ಬೆಳಿಗ್ಗೆ ದೋಸೆ ಹುಯ್ಯುತ್ತಾ ಪೂರ್ತಿ ಒಪ್ಪಿಸುತ್ತಿದ್ದಳು. ಮೊದಲ ಟರ್ಮಿನ ಎಸ್ಸೆಗಳನ್ನು ಕೊಟ್ಟ ಕೆಲವು ವಾರಗಳ ಮೇಲೆ ಅವಳಿಗೆ ವಿಚಾರಣೆಗೆ ಬರಲು ಪತ್ರ ಬಂತು. ನಕಲು ಪತ್ತೆಹಚ್ಚುವ ಸಾಫ್ಟ್‌ವೇರಿನಲ್ಲಿ ಅವಳ ಎಸ್ಸೆಯ ಪ್ಯಾರಾಗಟ್ಟಲೆ ಬರಹ ಪಠ್ಯಪುಸ್ತಕಕ್ಕೆ ಹೊಂದಿತ್ತು. ಪುಸ್ತಕದ ಹೆಸರು ಕೊನೆಯ ಪಟ್ಟಿಯಲ್ಲಿತ್ತು, ಆದರೆ ವಾಕ್ಯಗಳಿಗೆ ಉದ್ಧರಣ ಚಿಹ್ನೆ ಇರಲಿಲ್ಲ, ಪುಟಸಂಖ್ಯೆ ಇರಲಿಲ್ಲ. ಸಮಿತಿಯ ಮುಂದೆ ಅವಳು, "ನಾನು ಕದ್ದಿಲ್ಲ, ಇದೆಲ್ಲ ನನಗೆ ಬಾಯಿಪಾಠ ಬರುತ್ತದೆ, ಈಗಲೇ ಹೇಳಲಾ?" ಎಂದು ಕೇಳಿದಳಂತೆ. ನಮ್ಮ ಊರಿನಲ್ಲಿ ರ‍್ಯಾಂಕ್ ತಂದುಕೊಡುತ್ತಿದ್ದ ಆ ಮಾತು ಅಲ್ಲಿ ಅವಳ ವಿರುದ್ಧದ ಸಾಕ್ಷಿಯಾಯಿತು. ಆ ಮಾಡ್ಯೂಲಿಗೆ ಸೊನ್ನೆ ಹಾಕಿದರು. ಮತ್ತೆ ಬರೆಯಲು ಅವಕಾಶ ಕೊಟ್ಟರು, ನಿಜ. ಆದರೆ ಅವಳ ಕೈ ಕಟ್ಟಿಹೋಯಿತು. ಒಂದು ವಾಕ್ಯ ಬರೆದರೆ ಇದು ಎಲ್ಲೋ ಓದಿದ್ದಿರಬಹುದೇ ಎಂಬ ಹೆದರಿಕೆ. ಪ್ರೌಢಪ್ರಬಂಧ ಮುಗಿಸದೆ ಊರಿಗೆ ಹೋದಳು.

ಅವಳು ಕಳ್ಳಿಯಲ್ಲ. ಮೇಷ್ಟ್ರ ನೋಟ್ಸನ್ನು ಅಕ್ಷರ ಬಿಡದೆ ಬರೆದರೆ ಪೂರ್ತಿ ಅಂಕ ಕೊಟ್ಟ ವ್ಯವಸ್ಥೆಯಲ್ಲಿ ನಾವೆಲ್ಲ ಬೆಳೆದೆವು. ಪ್ರಬಂಧದ ನಡುವೆ ವಚನದ ಸಾಲು ಬಂದರೆ ಅದು ಯಾರದೆಂದು ಹೇಳುವ ಅಗತ್ಯವೇ ಇರಲಿಲ್ಲ, ಓದುವವರಿಗೆ ಗೊತ್ತಿತ್ತು. ಇಲ್ಲಿ ಓದುವವರು ಆ ಮಾತು ಯಾರದು ಎಂದು ಪ್ರತಿ ವಾಕ್ಯಕ್ಕೂ ಕೇಳುತ್ತಾರೆ. ಯೂನಿವರ್ಸಿಟಿ ನಿಯಮದ ಪುಸ್ತಕ ಕೊಟ್ಟಿತ್ತು, ನಾವಿಬ್ಬರೂ ಸಹಿ ಹಾಕಿದ್ದೆವು. ಆದರೆ ಎದುರು ಕೂತು, ನಿಮ್ಮ ಕಡೆ ಹೀಗೆ ಮಾಡುತ್ತೀರಿ, ಇಲ್ಲಿ ಅದು ನಡೆಯುವುದಿಲ್ಲ ಎಂದು ಅವಳಿಗೆ ಕನ್ನಡದಲ್ಲಿ ಹೇಳುವವರು ಯಾರೂ ಇರಲಿಲ್ಲ. ಇಷ್ಟು ವರ್ಷದ ಮೇಲೂ ಅದು ನನ್ನನ್ನು ಕಾಡುತ್ತದೆ.

ಆದ್ದರಿಂದ ನೋಟ್ಸ್ ಬರೆಯುವ ಹೊತ್ತಿನಿಂದಲೇ ಎಚ್ಚರ ಬೇಕು. ನೋಟ್‌ಬುಕ್ಕಿನ ಪುಟವನ್ನು ಮೂರು ಭಾಗ ಮಾಡು. ಒಂದರಲ್ಲಿ ಲೇಖಕರ ಮಾತು ಹಾಗೇ, ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆಯ ಸಮೇತ. ಎರಡನೆಯದರಲ್ಲಿ ಪುಸ್ತಕ ಮುಚ್ಚಿಟ್ಟು ಅದೇ ವಿಷಯ ನಿನ್ನ ಮಾತಿನಲ್ಲಿ. ಮೊದಲು ಕನ್ನಡದಲ್ಲೇ ಬರೆ, ಆಗ ಇಂಗ್ಲಿಷ್ ವಾಕ್ಯದ ನೆರಳು ಬೀಳುವುದಿಲ್ಲ. ಮೂರನೆಯದರಲ್ಲಿ ನಿನಗೆ ಏನನ್ನಿಸಿತು, ಒಪ್ಪುತ್ತೀಯೋ ಇಲ್ಲವೋ. ಎರಡನೆಯ ಭಾಗಕ್ಕೂ ರೆಫರೆನ್ಸ್ ಬೇಕು, ವಿಚಾರ ಅವರದೇ ಆದ್ದರಿಂದ. ಪದಗಳನ್ನು ಅಲ್ಲೊಂದು ಇಲ್ಲೊಂದು ಬದಲಿಸಿ ವಾಕ್ಯದ ಮೈಕಟ್ಟು ಹಾಗೇ ಇಟ್ಟರೆ ಅದೂ ನಕಲೆಂದೇ ಲೆಕ್ಕ. ಮೂರನೆಯ ಭಾಗ ತುಂಬುತ್ತಾ ಬಂದ ಹಾಗೆ, ನಿಮ್ಮ ವಾದ ಎಲ್ಲಿ ಎಂದು ಕೇಳಿದವರಿಗೆ ಕೊಡಬೇಕಾದ ಉತ್ತರ ನಿನ್ನ ಕೈಯಲ್ಲಿರುತ್ತದೆ.

ಚಾಟ್‌ಜಿಪಿಟಿ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದೊಂದು ಮಾಡ್ಯೂಲಿನ ನಿಯಮ ಒಂದೊಂದು ಥರ ಇರಬಹುದು, ಮೊದಲು ಓದಿ ತಿಳಿದುಕೋ. ಅದು ಕೊಡುವ ರೆಫರೆನ್ಸುಗಳಲ್ಲಿ ಕೆಲವು ಲೋಕದಲ್ಲೇ ಇಲ್ಲದ ಲೇಖನಗಳು. ಪ್ರತಿಯೊಂದನ್ನೂ ಲೈಬ್ರರಿಯಲ್ಲಿ ತೆಗೆದು ಕಣ್ಣಾರೆ ನೋಡದೆ ಹಾಕಬೇಡ. ನಿನ್ನ ಕರಡುಗಳನ್ನೆಲ್ಲ ದಿನಾಂಕ ಹಾಕಿ ಉಳಿಸಿಡು. ನಾಳೆ ಯಾರಾದರೂ ಕೇಳಿದರೆ ಇದು ನಾನೇ ಬರೆದದ್ದು ಎಂದು ತೋರಿಸಲು ಅವು ಬೇಕಾಗುತ್ತವೆ.

ಮುಂದಿನ ಎಸ್ಸೆ ಪಾಲಿಸಿಯದು ಎಂದು ಬರೆದಿದ್ದೀಯ. ಅದರ ಪ್ರಶ್ನೆಯನ್ನೂ ನೀನು ಕೊಡಬೇಕೆಂದಿರುವ ಉತ್ತರವನ್ನೂ ಎರಡೇ ಸಾಲಿನಲ್ಲಿ ಬರೆದು ಕಳಿಸು, ಭಾನುವಾರ ಫೋನಿನಲ್ಲಿ ಮಾತಾಡೋಣ. ಬರೆದ ಎಸ್ಸೆಯನ್ನು ಮಾತ್ರ ತಿದ್ದಲು ನನಗೆ ಕಳಿಸಬೇಡ. ನಾನು ವಾಕ್ಯ ತಿದ್ದಿದರೆ ಅದು ನನ್ನ ಮಾತಾಗುತ್ತದೆ, ಅದಕ್ಕೆ ಅನುಮತಿ ಇಲ್ಲ. ಇಂಗ್ಲಿಷ್ ಸರಿಮಾಡಿಕೊಳ್ಳಲು ನಿಮ್ಮ ಲೈಬ್ರರಿಯಲ್ಲಿ ಬರವಣಿಗೆಗೆ ನೆರವಾಗುವವರು ಇದ್ದಾರೆಯೇ ವಿಚಾರಿಸು. ಇದ್ದರೆ ಈ ವಾರವೇ ಅವರ ಸಮಯ ಗೊತ್ತುಮಾಡಿಕೋ. ಎಸ್ಸೆ ಕೊಡುವ ದಿನಗಳು ಹತ್ತಿರ ಬಂದಾಗ ಅವರ ಸಮಯ ಸಿಗುವುದು ಕಷ್ಟ.