ಎರಡು ಅಂಕ ಕಡಿಮೆ ಬಿದ್ದರೇನಂತೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಗಾಲ್ಫ್ ಆಟಗಾರ್ತಿ ಲಾರಾ ಡೇವಿಸ್ ಅವರನ್ನು ‘ದಾರಿ ಮಾಡಿಕೊಟ್ಟವರು’ ಎಂದು ಹೊಗಳಿದ್ದೀರಿ. ಅವರು ಗೆದ್ದದ್ದು ನಾಲ್ಕೇ ಮೇಜರ್ (ಎಲ್ಲಕ್ಕಿಂತ ದೊಡ್ಡ ಟೂರ್ನಿಗಳು). ಅಮೆರಿಕದ ಮಹಿಳಾ ಗಾಲ್ಫ್ ಸಂಸ್ಥೆ ಎಲ್‌ಪಿಜಿಎಯ ಹಾಲ್ ಆಫ್ ಫೇಮ್‌ಗೆ, ಅಂದರೆ ದಿಗ್ಗಜರ ಗೌರವ ಪಟ್ಟಿಗೆ, ಸೇರಲಾಗಲಿಲ್ಲ. ಗಂಡಸರ ಟೂರ್ನಿಯಲ್ಲಿ ಕಟ್ (ಅರ್ಧದಲ್ಲೇ ಹಿಂದೆ ಬಿದ್ದವರನ್ನು ಹೊರಗಿಡುವ ಗೆರೆ) ಕೂಡ ದಾಟಲಿಲ್ಲ. ಹೊಗಳಿಕೆ ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ? ಅಷ್ಟಕ್ಕೂ ನಮಗೂ ಅವರಿಗೂ ಏನು ಸಂಬಂಧ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ನೀವು ಕೊಟ್ಟ ಲೆಕ್ಕವೆಲ್ಲ ಸರಿ. ನಮ್ಮ ತಕರಾರು ಅಳತೆಗೋಲಿನ ಬಗ್ಗೆ.

ಹಾಲ್ ಆಫ್ ಫೇಮ್‌ಗೆ 27 ಅಂಕ ಬೇಕು. ಮಾಮೂಲಿ ಟೂರ್ನಿ ಗೆದ್ದರೆ ಒಂದು, ಮೇಜರ್ ಗೆದ್ದರೆ ಎರಡು. ಲಾರಾ ಎಲ್‌ಪಿಜಿಎಯಲ್ಲಿ 20 ಟೂರ್ನಿ ಗೆದ್ದರು, ಅದರಲ್ಲಿ ನಾಲ್ಕು ಮೇಜರ್. 1996ರಲ್ಲಿ ವರ್ಷದ ಆಟಗಾರ್ತಿ ಅನ್ನಿಸಿಕೊಂಡಿದ್ದಕ್ಕೆ ಇನ್ನೊಂದು ಅಂಕ. ಕೂಡಿಸಿದರೆ 25. ಯುರೋಪಿನ ಮಹಿಳಾ ಟೂರ್‌ನಲ್ಲಿ (ಟೂರ್ನಿಗಳ ಸರಣಿಯಲ್ಲಿ) ಅವರು ಗೆದ್ದ 45 ಪ್ರಶಸ್ತಿಗಳನ್ನು ಅಲ್ಲಿ ಯಾರೂ ಎಣಿಸುವುದಿಲ್ಲ. 1986ರಲ್ಲಿ ಮಹಿಳೆಯರ ಬ್ರಿಟಿಷ್ ಓಪನ್ ಗೆದ್ದದ್ದೂ ಲೆಕ್ಕಕ್ಕಿಲ್ಲ, ಯಾಕೆಂದರೆ ಆ ಟೂರ್ನಿಗೆ ಎಲ್‌ಪಿಜಿಎ ಮೇಜರ್ ಪಟ್ಟ ಕೊಟ್ಟದ್ದು 2001ರಲ್ಲಿ. ಅದೊಂದನ್ನು ಸೇರಿಸಿ ನೋಡಿ, ಸರಿಯಾಗಿ 27!

ಈಗ 1987ಕ್ಕೆ ಬನ್ನಿ. ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್ ಕಂಟ್ರಿ ಕ್ಲಬ್‌ನಲ್ಲಿ ಮಹಿಳೆಯರ ಅಮೆರಿಕನ್ ಓಪನ್. ನಾಲ್ಕು ಸುತ್ತು ಮುಗಿದಾಗ ಮೂವರು ಸಮ ಸಮ: ಜಪಾನಿನ ಅಯಾಕೊ ಒಕಾಮೊಟೊ, ಅಮೆರಿಕದ ಹಳೇ ಹುಲಿ ಜೋಆನ್ ಕಾರ್ನರ್, ಮತ್ತು 23 ವರ್ಷದ ಲಾರಾ. ಆಗೆಲ್ಲ ಗೆದ್ದವರನ್ನು ತೀರ್ಮಾನಿಸುವ ಪ್ಲೇಆಫ್ ಎಂದರೆ ಮತ್ತೆ ಪೂರ್ತಿ 18 ಹೋಲ್, ಅಂದರೆ ಇನ್ನೊಂದು ಸುತ್ತು. ಗಾಲ್ಫ್‌ನಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆದ್ದಂತೆ. ಲಾರಾ 71 ಹೊಡೆದರು, ಒಕಾಮೊಟೊ 73, ಕಾರ್ನರ್ 74. ತಮಾಷೆ ಏನೆಂದರೆ, ಗೆದ್ದ ಈ ಹುಡುಗಿ ಎಲ್‌ಪಿಜಿಎ ಸದಸ್ಯೆಯೇ ಅಲ್ಲ. ಕೊನೆಗೆ ಸಂಸ್ಥೆಯೇ ತನ್ನ ನಿಯಮ ತಿದ್ದಿ ಅವರನ್ನು ಒಳಗೆ ಕರೆದುಕೊಂಡಿತು. ದಾರಿ ಮಾಡಿಕೊಟ್ಟವರು ಅಂದದ್ದು ಇದಕ್ಕೇ.

ಅವರ ಆಟ ನೋಡುವುದೇ ಒಂದು ಮಜಾ. ಬೇರೆಯವರು ‘ಟೀ’ ಎಂಬ ಮರದ ಪುಟ್ಟ ಗೂಟ ಚುಚ್ಚಿ, ಅದರ ಮೇಲೆ ಚೆಂಡು ಕೂರಿಸುತ್ತಾರೆ. ಲಾರಾ ಕ್ಲಬ್‌ನಿಂದ ಹುಲ್ಲಿಗೇ ಒಂದು ಏಟು ಹಾಕುತ್ತಾರೆ. ಮಣ್ಣು ಉಬ್ಬಿ ಏಳುತ್ತದೆ, ಚೆಂಡು ಅದರ ಮೇಲೆ. ಆಮೇಲೆ ಬೀಸಿದರೆ ಚೆಂಡು ಎಲ್ಲರದಕ್ಕಿಂತ ದೂರ. ಅಚ್ಚುಕಟ್ಟಾದ ಹುಲ್ಲನ್ನು ಹೀಗೆ ಕೆತ್ತಿದರೆ ಮಾಲಿಗಳು ಮನಸ್ಸಿನಲ್ಲೇ ಏನು ಬೈದುಕೊಂಡರೋ!

ಗಂಡಸರ ಟೂರ್ನಿಯ ಮಾತು. 2004ರಲ್ಲಿ ಆಸ್ಟ್ರೇಲಿಯಾದ ಎಎನ್‌ಝಡ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಕಟ್ ದಾಟಲಿಲ್ಲ, ನಿಜ. ಆದರೆ ಯುರೋಪಿಯನ್ ಟೂರ್‌ನ ಗಂಡಸರ ಟೂರ್ನಿಯಲ್ಲಿ ಆಡಿದ ಮೊದಲ ಹೆಂಗಸು ಅವರೇ. 1754ರಲ್ಲಿ ಶುರುವಾದ ಸೇಂಟ್ ಆಂಡ್ರ್ಯೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳೋಕೆ ಒಪ್ಪಿದ್ದೇ 2014ರಲ್ಲಿ. ಮರುವರ್ಷ ಗೌರವ ಸದಸ್ಯತ್ವ ಪಡೆದ ಮೊದಲ ಏಳು ಮಂದಿಯಲ್ಲಿ ಲಾರಾ ಒಬ್ಬರು. ಅದೇ ವರ್ಷ ವರ್ಲ್ಡ್ ಗಾಲ್ಫ್ ಹಾಲ್ ಆಫ್ ಫೇಮ್ ಕೂಡ ಅವರನ್ನು ಸೇರಿಸಿಕೊಂಡಿತು. ಅದು ಬೇರೆ ಸಂಸ್ಥೆ, ಇದನ್ನು ನಿಮ್ಮ ಪತ್ರ ಬಿಟ್ಟಿದೆ. 2018ರಲ್ಲಿ, 54ನೇ ವಯಸ್ಸಿನಲ್ಲಿ, ಹಿರಿಯ ಮಹಿಳೆಯರ ಮೊಟ್ಟಮೊದಲ ಅಮೆರಿಕನ್ ಓಪನ್ ಅನ್ನು ಹತ್ತು ಸ್ಟ್ರೋಕ್‌ಗಳ (ಹೊಡೆತಗಳ) ಅಂತರದಿಂದ ಗೆದ್ದರು.

‘ನಮಗೂ ಅವರಿಗೂ ಏನು ಸಂಬಂಧ’ ಎಂದೂ ಪತ್ರದ ಕೊನೆಗೆ ಕೇಳಿದ್ದೀರಿ. 2010ರಲ್ಲಿ ಗುರುಗ್ರಾಮದಲ್ಲಿ ನಡೆದ ಮಹಿಳೆಯರ ಇಂಡಿಯನ್ ಓಪನ್ ಗೆದ್ದದ್ದು ಲಾರಾ. 2016ರಲ್ಲಿ ಅದನ್ನೇ ಗೆದ್ದವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್. ಅವರ ಬಗ್ಗೆ ಬರೆಯಲು ಈ ಪುಟ ಸಾಲದು, ಇನ್ನೊಮ್ಮೆ ಬಿಡುವಾಗಿ ಬರೆಯುತ್ತೇವೆ.